ಗೋಸುಂಬೆ ತರುವ ಮೊದಲು ಅದರ ಮನೆ ಸಿದ್ಧವಾಗಲಿ

ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಇರುವ ಮಗಳು ಫೋನ್ ಮಾಡಿ, ‘ಮೊಮ್ಮಗ ಗೋಸುಂಬೆ ಸಾಕಬೇಕು ಅಂತ ಹಟ ಹಿಡಿದಿದ್ದಾನೆ’ ಎಂದರೆ ಗಾಬರಿ ಬೇಡ. ಅಲ್ಲಿ ಅದು ಅನೇಕರು ಸಾಕುವ ಪ್ರಾಣಿ. ಗಾಬರಿಯಾಗಬೇಕಾದದ್ದು, ಶನಿವಾರ ಪ್ರಾಣಿಯನ್ನೂ ಪಂಜರವನ್ನೂ ಒಟ್ಟಿಗೆ ಕೊಂಡು ತಂದು, ಭಾನುವಾರ ಜೋಡಿಸಲು ಕೂತರೆ. ಸಾಕಿದ ಗೋಸುಂಬೆಗಳ ಕಾಯಿಲೆಗಳಲ್ಲಿ ಬಹುಪಾಲಿಗೆ ಪಂಜರದ ಬೆಳಕು, ನೀರು, ಗಾಳಿಗಳ ಏರುಪೇರೇ ಕಾರಣ. ಆದ್ದರಿಂದ ಮೊದಲು ಮನೆ, ಆಮೇಲೆ ಗೋಸುಂಬೆ.

ಕರ್ನಾಟಕದ ಓದುಗರಿಗೆ ಮುಂಚಿತವಾಗಿಯೇ ಒಂದು ಮಾತು. ನಮ್ಮ ಹೊಲದ ಬೇಲಿಗಳಲ್ಲಿ ಕಾಣುವ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ವಿದೇಶಿ ಗೋಸುಂಬೆಗಳೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಭಾರತದಲ್ಲಿ ಅವನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಹೊರದೇಶದಲ್ಲಿರುವವರೂ ತಮ್ಮ ರಾಜ್ಯದ ಕಾನೂನು ನೋಡಿಕೊಳ್ಳಬೇಕು. ಹವಾಯಿಯಲ್ಲಿ ಮುಂದೆ ಹೇಳಲಿರುವ ಯೆಮನ್ ಗೋಸುಂಬೆಯನ್ನು ಸಾಕುವಂತಿಲ್ಲ.

ಯಾವ ಗೋಸುಂಬೆ?

ಹೊಸಬರಿಗೆ ಯೆಮನ್ ಗೋಸುಂಬೆ, ಅಂದರೆ ಅಂಗಡಿಗಳಲ್ಲಿ ‘ವೇಲ್ಡ್ ಕೆಮೀಲಿಯನ್’ ಎನ್ನುವ ಜಾತಿಯೇ ವಾಸಿ. ಯೆಮನ್ ಮತ್ತು ನೈಋತ್ಯ ಸೌದಿ ಅರೇಬಿಯಾ ಇದರ ತವರು. ತಲೆಯ ಮೇಲೆ ಎತ್ತರದ ಕಿರೀಟವಿರುವ ಇದು ಮಿಕ್ಕ ಜಾತಿಗಳಿಗಿಂತ ಗಟ್ಟಿ. ಗಂಡನ್ನೇ ಆರಿಸಿ ಎನ್ನುವುದು ನನ್ನ ಸಲಹೆ. ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಅದನ್ನು ಹೂತಿಡಲು ತೇವದ ಮರಳಿನ ತೊಟ್ಟಿ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಹೆಣ್ಣು ಸಾಯಬಹುದು. ಗಂಡಾಗಲಿ ಹೆಣ್ಣಾಗಲಿ, ಕಾಡಿನಿಂದ ಹಿಡಿದು ತಂದದ್ದು ಬೇಡ. ಸಾಕಣೆಯಲ್ಲೇ ಹುಟ್ಟಿ, ಕನಿಷ್ಠ ಮೂರು ತಿಂಗಳು ತುಂಬಿದ ಮರಿಯನ್ನೇ ಕೇಳಿ.

ಪಂಜರ ಮತ್ತು ಜಾಗ

ಬೆಳೆದ ಗಂಡಿಗೆ ಎರಡು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರದ ಪಂಜರ ಬೇಕು. ಉದ್ದಕ್ಕಿಂತ ಎತ್ತರ ಮುಖ್ಯ, ಇದು ಮರದ ಜೀವಿ. ಜಾಲರಿಯ ಗೋಡೆಗಳಿದ್ದರೆ ಗಾಳಿ ಆಡುತ್ತದೆ. ಮೀನಿನ ಗಾಜಿನ ತೊಟ್ಟಿಯಲ್ಲಿ ತೇವ ನಿಂತು ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಚಳಿ ಪ್ರದೇಶದವರು ಮೂರು ಬದಿ ಮುಚ್ಚಿ, ಕೆಳಗೂ ಮೇಲೂ ಗಾಳಿಗೆ ದಾರಿ ಬಿಟ್ಟ ಪಂಜರ ಆರಿಸಬಹುದು.

ಅದನ್ನು ಮೇಜಿನ ಮೇಲೆ ಎತ್ತರದಲ್ಲಿಡಿ. ಪ್ರಾಣಿ ಕೂರುವ ಕೊಂಬೆ ನಮ್ಮ ಕಣ್ಣಿನ ಮಟ್ಟಕ್ಕಿಂತ ಮೇಲಿರಬೇಕು. ಮೇಲಿನಿಂದ ಬಗ್ಗಿ ನೋಡುವ ಯಾರೇ ಆದರೂ ಗೋಸುಂಬೆಗೆ ಹದ್ದೇ. ಟಿ.ವಿ., ಅಡುಗೆಮನೆಯ ಹೊಗೆ, ಹೀಟರ್ ಗಾಳಿ, ನಾಯಿ ಬೆಕ್ಕಿನ ಓಡಾಟ ಇವೆಲ್ಲ ದೂರವಿರಲಿ. ಕನ್ನಡಿಯಲ್ಲಿ ತನ್ನ ಬಿಂಬ ಕಂಡರೂ ಅದು ಎದುರಾಳಿ ಬಂದನೆಂದು ಉರಿಯುತ್ತದೆ. ಒಂದು ಪಂಜರದಲ್ಲಿ ಒಂದೇ ಗೋಸುಂಬೆ. ಜೊತೆ ಬೇಕೆಂಬ ಮರುಕ ನಮ್ಮದು, ಅದರದ್ದಲ್ಲ.

ಒಳಗೆ ಅಡ್ಡಡ್ಡವಾಗಿ, ಬೇರೆ ಬೇರೆ ದಪ್ಪದ ಕೊಂಬೆಗಳನ್ನು ಅಲುಗಾಡದಂತೆ ಕಟ್ಟಿ. ಎಲೆಗಳಿಗೆ ಕುಂಡದ ನಿಜವಾದ ಗಿಡಗಳೇ ಇರಲಿ: ದಾಸವಾಳ, ವೀಪಿಂಗ್ ಫೈಕಸ್, ಅಂಬ್ರೆಲಾ ಗಿಡ, ಮನಿ ಪ್ಲಾಂಟ್ ಎಲ್ಲರೂ ಬಳಸುವಂಥವು. ತರುವಾಗ ಎಲೆ ತೊಳೆದು, ಕೀಟನಾಶಕ ಹೊಡೆದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಈ ಜಾತಿ ಎಲೆಯನ್ನೂ ಮೇಯುತ್ತದೆ. ಪ್ಲಾಸ್ಟಿಕ್ ಎಲೆ ಕಚ್ಚಿ ನುಂಗಿದರೆ ಕರುಳು ಕಟ್ಟುತ್ತದೆ. ಅರ್ಧ ಪಂಜರವಾದರೂ ಹಸಿರು ತುಂಬಿರಬೇಕು. ಅಡಗಲು ಜಾಗವಿದ್ದರಷ್ಟೇ ಅದು ಧೈರ್ಯವಾಗಿ ಹೊರಗೆ ಬರುತ್ತದೆ. ನೆಲಕ್ಕೆ ತೊಗಟೆ, ಮರಳು ಹರಡಬೇಡಿ. ಬರಿಯ ತಳ, ಕೆಳಗೆ ನೀರು ಇಳಿಯಲು ಒಂದು ತಟ್ಟೆ ಸಾಕು.

ಬೆಳಕು, ಕಾವು, ನೀರು

ಎರಡು ದೀಪ ಬೇಕು. ಒಂದು ಕಾವಿಗೆ, ಒಂದು ಯುವಿಬಿ ಎಂಬ ಅತಿನೇರಳೆ ಕಿರಣಕ್ಕೆ. ಎರಡನೆಯದರಲ್ಲಿ ಜಿಪುಣತನ ಬೇಡವೇ ಬೇಡ. ಆ ಕಿರಣವಿಲ್ಲದೆ ಅದರ ಮೈಯಲ್ಲಿ ಡಿ3 ಜೀವಸತ್ವ ತಯಾರಾಗದು, ತಿಂದ ಕ್ಯಾಲ್ಸಿಯಂ ಮೂಳೆ ಸೇರದು. ಕಾಲು ಸೊಟ್ಟಗಾಗಿ, ದವಡೆ ಮೆತ್ತಗಾಗಿ, ನಾಲಿಗೆ ಚಾಚಲೂ ಆಗದೆ ನರಳುತ್ತದೆ. ಕಿಟಕಿಯ ಬಿಸಿಲು ಬೀಳುತ್ತದಲ್ಲ ಎನ್ನಬೇಡಿ, ಗಾಜು ಈ ಕಿರಣವನ್ನು ತಡೆಯುತ್ತದೆ. ಟಿ5 ಎಚ್‌ಒ ಉದ್ದ ಕೊಳವೆಯ ದೀಪ, 5.0 ಅಥವಾ 6% ಎಂದು ಬರೆದದ್ದು ತಂದು, ಕೂರುವ ಕೊಂಬೆಗೆ 20ರಿಂದ 25 ಸೆಂ.ಮೀ. ಮೇಲೆ ಇಡಿ. ಬೆಳಕು ಉರಿಯುತ್ತಿದ್ದರೂ ಯುವಿಬಿ ಕುಂದುವುದರಿಂದ ವರ್ಷಕ್ಕೊಮ್ಮೆ ಬದಲಿಸಿ.

ಕಾವಿನ ದೀಪದ ಕೆಳಗೆ ಗಂಡಿಗೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಮರಿಗೂ ಹೆಣ್ಣಿಗೂ 27–28 ಸಾಕು. ಪ್ರಾಣಿಯ ಬೆನ್ನು ತಲುಪುವ ಎತ್ತರದಲ್ಲೇ ಅಳೆಯಿರಿ, ಇಲ್ಲವಾದರೆ ಕಿರೀಟ ಸುಡುತ್ತದೆ. ಕೆಳಗಿನ ಭಾಗ ತಂಪಾಗಿರಲಿ. ಹಗಲು ಹನ್ನೆರಡು ಗಂಟೆ ಬೆಳಕು. ರಾತ್ರಿ ಪೂರ್ತಿ ಕತ್ತಲು, ಕೆಂಪು ಬಲ್ಬೂ ಬೇಡ.

ಬಟ್ಟಲಿನ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗುರುತಿಸುವುದಿಲ್ಲ, ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಬೆಳಿಗ್ಗೆ ದೀಪ ಹತ್ತುವ ಮುನ್ನ, ರಾತ್ರಿ ಆರಿದ ಮೇಲೆ ಎರಡು ನಿಮಿಷ ಸಣ್ಣ ತುಂತುರು ಸಿಂಪಡಿಸಿ. ಮಧ್ಯಾಹ್ನ ಹನಿ ಹನಿಯಾಗಿ ತೊಟ್ಟಿಕ್ಕುವ ಡ್ರಿಪ್ಪರ್ ಸ್ವಲ್ಪ ಹೊತ್ತು ಇಡಿ. ಹಗಲು ಎಲೆ ಒಣಗಲೇಬೇಕು: ಹಗಲಿನ ತೇವಾಂಶ 30ರಿಂದ 50%, ರಾತ್ರಿ 75ರ ಮೇಲೆ. ಹಿಕ್ಕೆಯ ಬಿಳಿ ಭಾಗ ಬಿಳಿಯಾಗಿಯೇ ಇದ್ದರೆ ನೀರು ಸಾಕಾಗಿದೆ; ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಸಾಲದು.

ಬರುವ ಮುನ್ನ, ಬಂದ ಮೇಲೆ

ಎಲ್ಲ ಜೋಡಿಸಿದ ಮೇಲೆ ಖಾಲಿ ಪಂಜರವನ್ನು ಒಂದು ವಾರ ಟೈಮರ್ ಹಾಕಿ ನಡೆಸಿ. ಎರಡು ಮೂರು ಕಡೆ ಉಷ್ಣಾಂಶ, ತೇವಾಂಶ ಬರೆದಿಡಿ. ತಪ್ಪು ಕಂಡರೆ ಈಗಲೇ ಸರಿಪಡಿಸಬಹುದು. ಅದೇ ವಾರದಲ್ಲಿ ಸರೀಸೃಪ ಬಲ್ಲ ಪಶುವೈದ್ಯರು ಹತ್ತಿರ ಎಲ್ಲಿದ್ದಾರೆಂದು ಹುಡುಕಿ. ಎಲ್ಲ ಪಶುವೈದ್ಯರಿಗೂ ಇದು ಪರಿಚಿತವಲ್ಲ.

ತಂದ ಮೊದಲ ದಿನಗಳಲ್ಲಿ ಮುಟ್ಟಬೇಡಿ. ಮಕ್ಕಳಿಗೆ ಇದು ಕಷ್ಟ, ಆದರೂ ಮೊದಲೇ ತಿಳಿಸಿ: ಇದು ನೋಡುವ ಪ್ರಾಣಿ, ಎತ್ತಿ ಆಡಿಸುವ ಪ್ರಾಣಿಯಲ್ಲ. ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಲ್ಲದ ಮಿಡತೆ, ಚಿಮ್ಮಂಡೆ ಕೊಡಿ. ಆ ಹುಳುಗಳಿಗೆ ಮುಂಚಿನ ದಿನ ಸೊಪ್ಪು, ತರಕಾರಿ ತಿನ್ನಿಸಿ, ಕೊಡುವಾಗ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಸವರಿ. ಡಿ3 ಇರುವ ಪುಡಿ ತಿಂಗಳಿಗೆ ಎರಡು ಸಲ ಸಾಕು. ಹಗಲು ಹೊತ್ತು ಕಣ್ಣು ಮುಚ್ಚಿ ಕೂತಿದ್ದರೆ ಅದು ನಿದ್ದೆಯಲ್ಲ, ಕಾಯಿಲೆ. ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ.

ಚೆನ್ನಾಗಿ ಸಾಕಿದ ಗಂಡು ಆರರಿಂದ ಎಂಟು ವರ್ಷ ಬದುಕುತ್ತದೆ. ನಡುವೆ ಮನೆ, ಊರು ಬದಲಾಗಿ ಸಾಕಲಾಗದೆ ಹೋದರೆ ಹೊರಗಿನ ಮರಕ್ಕೆ ಬಿಡಬೇಡಿ. 1972ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಹೊರಬಿದ್ದ ಜಾಕ್ಸನ್ ಗೋಸುಂಬೆಗಳ ಸಂತತಿ ಇಂದಿಗೂ ಅಲ್ಲಿನ ಕೀಟ, ಬಸವನಹುಳುಗಳನ್ನು ತಿನ್ನುತ್ತಿದೆ; ಫ್ಲಾರಿಡಾದಲ್ಲಿ ಯೆಮನ್ ಗೋಸುಂಬೆಯೇ ಬೇರೂರಿದೆ. ಸಾಕಲಾಗದ ಪ್ರಾಣಿಯನ್ನು ಸರೀಸೃಪಗಳ ಆಶ್ರಯ ಕೇಂದ್ರಕ್ಕೆ ಒಪ್ಪಿಸಿ, ಅದರ ಪಂಜರ, ದೀಪಗಳನ್ನೂ ಜೊತೆಗೆ ಕೊಡಿ.