ಹಳೇ ಅಂಬಾಸಿಡರ್, ಹೊಸ ಮ್ಯಾನಿಫೋಲ್ಡ್: ಶೋಕಿಗೂ ಲೆಕ್ಕವಿರಲಿ

ನಮ್ಮ ವಿರೂಪಾಕ್ಷಿಪುರದ ಕಡೆ ದೊಡ್ಡ ಖರ್ಚು ಯಾವುದೇ ಬರಲಿ, ಅದನ್ನು ರೇಷ್ಮೆಗೂಡಿಗೆ ತಿರುಗಿಸಿ ನೋಡುವುದು ವಾಡಿಕೆ. ಗೂಡು ಕೆಜಿಗೆ 500 ರೂಪಾಯಿಗೆ ಹೋಯಿತು ಅಂತಿಟ್ಟುಕೊಳ್ಳಿ. ಒಂದು ಲಕ್ಷ ಎಂದರೆ 200 ಕೆಜಿ ಗೂಡು, ಹೆಚ್ಚುಕಮ್ಮಿ 300 ಮೊಟ್ಟೆಯ ಬೆಳೆ (ಒಂದು ಚಿಟ್ಟೆ ಇಟ್ಟ ಗುಂಪನ್ನು ನಾವು ಒಂದು ಮೊಟ್ಟೆ ಎನ್ನುತ್ತೇವೆ). ಸೊಪ್ಪು, ಕೂಲಿ, ಚಾಕಿ (ಮರಿಹುಳು) ದುಡ್ಡು, ರಾಮನಗರ ಮಾರ್ಕೆಟ್‌ಗೆ ಸಾಗಿಸಿದ ಬಾಡಿಗೆ, ಇವನ್ನೆಲ್ಲ ಕಳೆಯುವ ಮುಂಚಿನ ಲೆಕ್ಕ ಇದು.

ಅಪ್ಪನಿಂದ ನನ್ನ ಕೈಗೆ ಬಂದ 1976ರ ಮಾರ್ಕ್ 3 ಅಂಬಾಸಿಡರ್‌ಗೆ ವೆಬರ್ ಕಾರ್ಬ್ಯುರೇಟರ್, ಅದಕ್ಕೆ ಹೊಂದುವ ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ, ಪೆಟ್ರೋಲ್ ಮಿಶ್ರಣವನ್ನು ಎಂಜಿನ್‌ಗೆ ಒಯ್ಯುವ ಕೊಳವೆ), ಲಿಂಕೇಜ್ ಎಲ್ಲ ಸೇರಿದ ಕಿಟ್ ಇಂಗ್ಲೆಂಡಿನಿಂದ ತರಿಸಿದರೆ ಎಷ್ಟಾದೀತು ಎಂದು ವಿಚಾರಿಸಿದ್ದೆ. ಸುಂಕ, ಕೊರಿಯರ್ ಸೇರಿ ಬಂದ ಉತ್ತರ ಲಕ್ಷದ ಆಸುಪಾಸು. ಮನೆಯಲ್ಲಿ ಹೇಳಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು: “ಮುನ್ನೂರು ಮೊಟ್ಟೆ ಮೇಯಿಸಿದ್ದು ಈ ಕೊಳವೆಗಾ ರೀ?”

ಹಳೇ ಕಾರಿನ ಹುಚ್ಚಿರುವವರೆಲ್ಲ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಇಂಥ ಖರ್ಚಿನಿಂದ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಇದು ಹೂಡಿಕೆಯಲ್ಲ, ಶೋಕಿ. ಆದರೆ ಶೋಕಿಯಲ್ಲೂ ಕೊಟ್ಟ ಹಣಕ್ಕೆ ತಕ್ಕ ಸುಖ ಸಿಕ್ಕಿತೋ ಇಲ್ಲವೋ ಎಂಬ ಲೆಕ್ಕ ಇದ್ದೇ ಇರುತ್ತದೆ. ಆ ಲೆಕ್ಕ ಶುರುವಾಗುವುದು ಬೆಲೆಪಟ್ಟಿಯಿಂದಲ್ಲ, ಎಂಜಿನ್‌ನಿಂದ.

ಹೆಡ್‌ನಲ್ಲಿ ಎಷ್ಟು ದಾರಿ ಇದೆ?

ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ತಯಾರಿಸಿದ ನಮ್ಮ ಹಳೇ ಪೆಟ್ರೋಲ್ ಅಂಬಾಸಿಡರ್‌ನ ಎಂಜಿನ್ 1489 ಸಿಸಿ. ಮೂಲ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್. ಇದೇ ಕುಟುಂಬದ 1489 ಸಿಸಿ ಎಂಜಿನ್ 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಅಲ್ಲಿ ಎರಡು ಎಸ್‌ಯು ಕಾರ್ಬ್ಯುರೇಟರ್, ಸುಮಾರು 68 ಕುದುರೆ ಶಕ್ತಿ. ನಮ್ಮದರಲ್ಲಿ ಒಂದೇ ಕಾರ್ಬ್ಯುರೇಟರ್, ಶಕ್ತಿ 50ರ ಆಸುಪಾಸು. ಇದನ್ನು ಓದಿದವರಿಗೆಲ್ಲ ಮೊದಲು ಹೊಳೆಯುವುದು, ಎರಡು ಕಾರ್ಬ್ಯುರೇಟರ್ ಕೂರಿಸಿದರೆ ಉಳಿದ ಕುದುರೆಗಳೂ ನಮ್ಮ ಕೊಟ್ಟಿಗೆಗೆ ಬರುತ್ತವೆ ಎಂದು. ಬರುವುದಿಲ್ಲ. ಎಂಜಿಎ ಎಂಜಿನ್‌ನ ಕಂಪ್ರೆಷನ್ ಹೆಚ್ಚು, ಎಕ್ಸಾಸ್ಟ್ ಬೇರೆ, ಒಟ್ಟು ಟ್ಯೂನಿಂಗೇ ಬೇರೆ. ಮ್ಯಾನಿಫೋಲ್ಡ್ ಅದರಲ್ಲಿ ಒಂದು ಪಾಲು ಮಾತ್ರ.

ಅದಕ್ಕಿಂತ ದೊಡ್ಡ ಸಂಗತಿ ಸಿಲಿಂಡರ್ ಹೆಡ್‌ನೊಳಗಿದೆ. ಈ ಎಂಜಿನ್‌ಗೆ ಸಿಲಿಂಡರ್ ನಾಲ್ಕಿದ್ದರೂ ಗಾಳಿ ಒಳಗೆ ಹೋಗುವ ಪೋರ್ಟ್ ಎರಡೇ. 1 ಮತ್ತು 2ನೇ ಸಿಲಿಂಡರ್‌ಗೆ ಒಂದು, 3 ಮತ್ತು 4ಕ್ಕೆ ಇನ್ನೊಂದು. ಫೈರಿಂಗ್ ಆರ್ಡರ್ 1-3-4-2 ಆದ್ದರಿಂದ ಒಂದೇ ಪೋರ್ಟ್ ಹಂಚಿಕೊಂಡ ಎರಡು ಸಿಲಿಂಡರ್‌ಗಳು ಒಂದರ ಬೆನ್ನಿಗೊಂದು ಗಾಳಿ ಎಳೆಯುತ್ತವೆ, ಆಮೇಲೆ ಆ ಪೋರ್ಟ್ ಸುಮ್ಮನಿರುತ್ತದೆ. ಹೀಗಾಗಿ ಸಿಲಿಂಡರ್‌ಗೊಂದು ಕೊಳವೆ ಎಂಬ ಮ್ಯಾನಿಫೋಲ್ಡ್‌ಗೆ ಇಲ್ಲಿ ಅರ್ಥವೇ ಇಲ್ಲ. ಚನ್ನಪಟ್ಟಣದಲ್ಲಿ ನಮ್ಮ ಗಾಡಿ ನೋಡುವ ಭಾಯ್ ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದರು: “ಅಣ್ಣಾ, ಮನೆ ಬಾಗ್ಲು ಎರಡೇ ಇರೋವಾಗ ಕಾಂಪೌಂಡಿಗೆ ನಾಲ್ಕು ಗೇಟ್ ಹಾಕ್ಸಿದ್ರೆ ಜನ ಬೇಗ ಒಳಕ್ಕೆ ಬರ್ತಾರಾ?”

ಇನ್ನೊಂದು ಲೆಕ್ಕವನ್ನು ಯಾರಾದರೂ ಮನೆಯಲ್ಲೇ ಕೂತು ಮಾಡಬಹುದು. ನಾಲ್ಕು ಸ್ಟ್ರೋಕ್ ಎಂಜಿನ್ ತನ್ನ ಪೂರ್ತಿ ಸಿಸಿಯಷ್ಟು ಗಾಳಿಯನ್ನು ಎಳೆಯುವುದು ಎರಡು ಸುತ್ತಿಗೊಮ್ಮೆ. 1489 ಸಿಸಿಯ ಅರ್ಧವನ್ನು 4,500 ಆರ್‌ಪಿಎಂನಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 3,350 ಲೀಟರ್. ರಸ್ತೆ ಎಂಜಿನ್ ಅದರ ಮುಕ್ಕಾಲು ಪಾಲು ತುಂಬಿಸಿಕೊಂಡರೆ ದೊಡ್ಡದು, ಅಂದರೆ ಸುಮಾರು 2,500 ಲೀಟರ್. ಅದೂ ಎಂಜಿನ್ ಕಿರುಚುವಾಗ. ನಮ್ಮ ಊರಿಂದ ಚನ್ನಪಟ್ಟಣಕ್ಕೆ 50ರ ವೇಗದಲ್ಲಿ ಹೋಗುವಾಗ ಎಂಜಿನ್ ಇರುವುದು 2,000 ಆರ್‌ಪಿಎಂ ಹತ್ತಿರ. ಆಗ ಬೇಕಾದ ಗಾಳಿ ಇದರ ಅರ್ಧಕ್ಕೂ ಕಮ್ಮಿ. ಕೊಳವೆಯೂ ಕಾರ್ಬ್ಯುರೇಟರ್ ಬಾಯಿಯೂ ಅಗತ್ಯ ಮೀರಿ ದೊಡ್ಡದಾಗಿದ್ದರೆ ಗಾಳಿಯ ಓಟ ನಿಧಾನವಾಗುತ್ತದೆ, ಪೆಟ್ರೋಲ್ ಸರಿಯಾಗಿ ಹನಿಯೊಡೆಯುವುದಿಲ್ಲ, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮುಗ್ಗರಿಸುತ್ತದೆ.

ಅಮೆರಿಕದ ವಿ8 ಎಂಜಿನ್‌ಗಳಿಗೆ ಮ್ಯಾನಿಫೋಲ್ಡ್ ಮಾಡುವ ಎಡೆಲ್‌ಬ್ರಾಕ್ ಕಂಪನಿ ತನ್ನ ಒಂದೊಂದು ಮಾದರಿ ಯಾವ ಆರ್‌ಪಿಎಂನಿಂದ ಯಾವ ಆರ್‌ಪಿಎಂವರೆಗೆ ಎಂದು ಬರೆದೇ ಮಾರುತ್ತದೆ. ರಸ್ತೆ ಕಾರಿಗೆ ಐಡಲ್‌ನಿಂದ 5,500ರವರೆಗಿನ ಡ್ಯುಯಲ್ ಪ್ಲೇನ್, ರೇಸಿಗೆ ಅದಕ್ಕೂ ಮೇಲಿನ ಸಿಂಗಲ್ ಪ್ಲೇನ್. ದುಡ್ಡು ಕೊಡುವ ಮುಂಚೆ ನಮ್ಮ ಕಾರು ದಿನದ ಬಹುಪಾಲು ಯಾವ ಆರ್‌ಪಿಎಂನಲ್ಲಿ ಓಡುತ್ತದೆ ಎಂದು ಕೇಳಿಕೊಳ್ಳಬೇಕು ಎಂಬುದಷ್ಟೇ ಇದರ ಪಾಠ.

ನಾಲ್ಕು ದಾರಿ, ನಾಲ್ಕು ಬೆಲೆ

ನಾನು ವಿಚಾರಿಸಿದಾಗ ಮುಂದಿದ್ದದ್ದು ನಾಲ್ಕು ದಾರಿ.

ಮೊದಲನೆಯದು ಇದ್ದ ಮ್ಯಾನಿಫೋಲ್ಡನ್ನೇ ಉಳಿಸಿಕೊಂಡು ಅದರ ಮುಖ ಸಪಾಟು ಮಾಡಿಸಿ, ಕಾರ್ಬ್ಯುರೇಟರ್‌ಗೆ ರಿಪೇರಿ ಕಿಟ್ ಹಾಕಿಸಿ, ಥ್ರಾಟಲ್ ಶಾಫ್ಟಿಗೆ ಬುಷ್ ಹೊಡೆಸುವುದು. ಹತ್ತು ಸಾವಿರದೊಳಗೆ ಮುಗಿಯುತ್ತದೆ.

ಎರಡನೆಯದು ಲೇತ್ ಅಂಗಡಿಯಲ್ಲಿ ಪ್ಲೇಟ್ ಕೊರೆಸಿ, ಪೈಪ್ ವೆಲ್ಡ್ ಮಾಡಿಸಿ, ಬೇರೆ ಕಾರಿನ ಹಳೇ ಕಾರ್ಬ್ಯುರೇಟರ್ ಕೂರಿಸುವುದು. ಹದಿನೈದು ಸಾವಿರದೊಳಗೆ ಆಗುತ್ತದೆ, ನೋಡಲೂ ಮಜವಾಗಿರುತ್ತದೆ. ಆದರೆ ಈ ಎಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಬದಿಗಿವೆ. ಎರಡರ ಫ್ಲ್ಯಾಂಜನ್ನೂ ಒಂದೇ ವಾಷರ್ ಒತ್ತಿ ಹಿಡಿಯುತ್ತದೆ. ಫ್ಲ್ಯಾಂಜ್‌ಗಳ ದಪ್ಪದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಒಂದು ಬಿಗಿ, ಇನ್ನೊಂದು ಸಡಿಲ. ಸಡಿಲಾದ ಕಡೆ ಗಾಳಿ ನುಗ್ಗಿತೆಂದರೆ ಮಿಶ್ರಣ ತೆಳುವಾಗಿ ವಾಲ್ವ್ ಸುಡುವವರೆಗೂ ಹೋಗಬಹುದು. ಹದಿನೈದು ಸಾವಿರದಲ್ಲಿ ಮುಗಿಸಿದ ಉಳಿತಾಯ ಹೆಡ್ ಇಳಿಸುವ ಖರ್ಚಾಗಿ ಬರುವುದು ಹೀಗೆ.

ಮೂರನೆಯದು ಜೋಡಿ ಎಸ್‌ಯು. ಎಂಜಿ ಕಾರಿನ ಮಾದರಿಯ ಮ್ಯಾನಿಫೋಲ್ಡ್, ಎರಡು ಕಾರ್ಬ್ಯುರೇಟರ್. ಹಳೆಯದನ್ನು ರೀಕಂಡೀಷನ್ ಮಾಡಿದ ಸೆಟ್‌ಗೆ ನಲವತ್ತರಿಂದ ಐವತ್ತು ಸಾವಿರದ ಮಾತು ಬಂತು.

ನಾಲ್ಕನೆಯದು ಮೊದಲೇ ಹೇಳಿದ ವೆಬರ್. ಲಕ್ಷ ಕೊಟ್ಟರೂ ಅಲ್ಲಿಗೆ ನಿಲ್ಲುವುದಿಲ್ಲ. ವೆಬರ್‌ನಲ್ಲಿ ಚೋಕ್, ಮೇನ್ ಜೆಟ್, ಏರ್ ಜೆಟ್, ಎಮಲ್ಷನ್ ಟ್ಯೂಬ್ ಎಲ್ಲವನ್ನೂ ಎಂಜಿನ್‌ಗೆ ತಕ್ಕಂತೆ ಆರಿಸಬೇಕು. ಜೆಟ್‌ಗಳ ಸಂಗ್ರಹ ಇಟ್ಟುಕೊಂಡಿರುವ, ಕೈ ಪಳಗಿದ ಟ್ಯೂನರ್ ಬೇಕು, ಅದಕ್ಕೆ ಬೆಂಗಳೂರಿಗೇ ಹೋಗಬೇಕು. ಎಸ್‌ಯು ಸ್ವಭಾವ ಬೇರೆ. ಎಂಜಿನ್ ಎಳೆದಷ್ಟೇ ಅದರ ಪಿಸ್ಟನ್ ಮೇಲೇಳುತ್ತದೆ, ಬಾಯಿ ಅಷ್ಟೇ ತೆರೆಯುತ್ತದೆ. ನಿಧಾನಕ್ಕೂ ವೇಗಕ್ಕೂ ತಾನೇ ಹೊಂದಿಕೊಳ್ಳುತ್ತದೆ. ಹಳ್ಳಿ ರಸ್ತೆ, ಎಕ್ಸ್‌ಪ್ರೆಸ್‌ವೇ ಎರಡರಲ್ಲೂ ಓಡುವ ಕಾರಿಗೆ ಈ ಗುಣವೇ ಬೇಕಾದದ್ದು.

ಬೆಲೆಪಟ್ಟಿಯಲ್ಲಿ ಇಲ್ಲದ ಖರ್ಚು

ಮ್ಯಾನಿಫೋಲ್ಡ್ ಒಂದೇ ಬರುವುದಿಲ್ಲ, ನೆಂಟರಿಷ್ಟರನ್ನೂ ಕರೆತರುತ್ತದೆ. ಗ್ಯಾಸ್ಕೆಟ್, ಸ್ಟಡ್, ಏರ್ ಫಿಲ್ಟರ್, ಆಕ್ಸಿಲರೇಟರ್ ಕೇಬಲ್, ಎಕ್ಸಾಸ್ಟ್ ಬಿಸಿ ತಾಗದಂತೆ ಹೀಟ್ ಶೀಲ್ಡ್. ಏಪ್ರಿಲ್ ಬಿಸಿಲಲ್ಲಿ ಈ ಶೀಲ್ಡ್ ಇಲ್ಲದಿದ್ದರೆ ಸಂತೆಯಲ್ಲಿ ಗಾಡಿ ನಿಲ್ಲಿಸಿದ ಮೇಲೆ ಮತ್ತೆ ಸ್ಟಾರ್ಟ್ ಮಾಡುವಷ್ಟರಲ್ಲಿ ಸಾಕಾಗಿಹೋಗುತ್ತದೆ. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿದದ್ದು ಇಲ್ಲಿ ಸ್ವಲ್ಪ ಸಮಾಧಾನ.

ಪೆಟ್ರೋಲ್‌ದು ಇನ್ನೊಂದು ಕತೆ. ಈಗ ಬಂಕ್‌ನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆತ ಇ20. ಹಳೇ ರಬ್ಬರ್ ಪೈಪ್, ಸೀಲುಗಳಿಗೆ ಅದು ಆಗಿಬರುವುದಿಲ್ಲ, ಎಥನಾಲ್ ತಡೆಯುವಂಥವನ್ನೇ ಹಾಕಬೇಕು. ಕಾರ್ಬ್ಯುರೇಟರ್ ಎರಡಾದರೆ ಅವೂ ಎರಡರಷ್ಟು. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಹಳೇ ಸೆಟ್ಟಿಂಗ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ. ಎಸ್‌ಯುನಲ್ಲಿ ಜೆಟ್ ನಟ್ಟನ್ನು ಸ್ವಲ್ಪ ಕೆಳಗಿಳಿಸಿದರೆ ಸರಿಹೋಗುತ್ತದೆ, ಬಿಡಿಭಾಗ ಕೊಳ್ಳಬೇಕಾಗಿಲ್ಲ. ಲೆಕ್ಕದಲ್ಲಿ ಇದೂ ಅದರ ಪರ.

ಹೊಸ ಮ್ಯಾನಿಫೋಲ್ಡ್ ಹಾಕಿದ ಮೇಲೆ ಮೈಲೇಜ್ ಲೀಟರಿಗೆ 10 ಕಿಲೋಮೀಟರ್‌ನಿಂದ 9ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ವರ್ಷಕ್ಕೆ 3,000 ಕಿಲೋಮೀಟರ್ ಓಡಿಸುವವರಿಗೆ 33 ಲೀಟರ್ ಹೆಚ್ಚು ಬೇಕು. ಲೀಟರಿಗೆ 103 ರೂಪಾಯಿಯಂತೆ ಸುಮಾರು 3,400. ಮ್ಯಾನಿಫೋಲ್ಡ್ ಇರುವಷ್ಟು ವರ್ಷವೂ ಇದು ತಪ್ಪದು.

ಸಾಲ ಮಾಡಿ ತರುವವರಿಗೆ ಒಂದು ಮಾತು. ಲಕ್ಷ ರೂಪಾಯಿ ಪರ್ಸನಲ್ ಲೋನ್ ಶೇಕಡ 14ರಂತೆ ಮೂರು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 3,418 ರೂಪಾಯಿ. ಒಟ್ಟು ಬಡ್ಡಿ 23 ಸಾವಿರ. ಅದೇ ಲಕ್ಷ ಶೇಕಡ 7ರ ಠೇವಣಿಯಲ್ಲಿದ್ದರೆ ಐದು ವರ್ಷಕ್ಕೆ 1 ಲಕ್ಷ 40 ಸಾವಿರ. ತಿಂಗಳ ಸಂಬಳವಿಲ್ಲದ, ಬೆಳೆ ಬಂದಾಗಷ್ಟೇ ಕೈಯಲ್ಲಿ ಕಾಸು ಕಾಣುವ ನಮ್ಮಂಥ ಮನೆಗಳಿಗೆ ಶೋಕಿಯ ಕಂತು ಕೊರಳಿಗೆ ಸುತ್ತಿಕೊಳ್ಳುವಂಥದ್ದು.

ಕಾಗದಪತ್ರದ ಕಡೆಯಿಂದ

ಮ್ಯಾನಿಫೋಲ್ಡ್ ವಿವರ ಆರ್‌ಸಿಯಲ್ಲಿ ಇರುವುದಿಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲಕ್ಕಿಂತ ಬೇರೆಯಾಗುವಂಥ ಬದಲಾವಣೆ ಮಾಡುವ ಹಾಗಿಲ್ಲ. ಎಂಜಿನ್ನನ್ನೇ ಬದಲಿಸುವವರು ಇದನ್ನು ಮರೆಯಬಾರದು. ಇನ್ಶೂರೆನ್ಸ್‌ನವರಿಗೂ ಬದಲಾವಣೆ ತಿಳಿಸಿಬಿಡುವುದು ಒಳ್ಳೆಯದು. ಐದು ವರ್ಷ ದಾಟಿದ ಗಾಡಿಯ ಐಡಿವಿ (ವಿಮೆಗೆ ಘೋಷಿಸುವ ಮೌಲ್ಯ) ಎರಡೂ ಕಡೆಯ ಒಪ್ಪಿಗೆಯಿಂದ ನಿಗದಿಯಾಗುವಂಥದ್ದು, ಬಿಲ್ಲು ಇಟ್ಟುಕೊಂಡವರ ಮಾತಿಗೆ ಬೆಲೆ.

20 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2025ರ ಆಗಸ್ಟ್‌ನಿಂದ 10,000 ರೂಪಾಯಿ. ಐದು ವರ್ಷಕ್ಕೊಮ್ಮೆ ಇದನ್ನು ಎತ್ತಿಡಲೇಬೇಕು. 50 ವರ್ಷ ತುಂಬಿದ ಗಾಡಿಗೆ ವಿಂಟೇಜ್ ನೋಂದಣಿಯ ದಾರಿಯನ್ನು 2021ರ ನಿಯಮ ತೆರೆದಿದೆ: 20,000 ರೂಪಾಯಿ, ಹತ್ತು ವರ್ಷ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು, ದಿನನಿತ್ಯ ರಸ್ತೆಗಿಳಿಸಲೂಬಾರದು. ನನ್ನ ಕಾರು ಈಗ ಆ ವಯಸ್ಸಿಗೆ ಬಂದಿದೆ. ಓಡಿಸುವ ಆಸೆ ಇರುವುದರಿಂದ ನಾನು ಆ ದಾರಿ ಹಿಡಿದಿಲ್ಲ. ಮುಂದೆ ಮಗಳು ಹಿಡಿಯುವುದಾದರೆ ಬಾಗಿಲು ಮುಚ್ಚಿರಬಾರದಲ್ಲ? ಅದಕ್ಕೇ ಏನನ್ನೂ ಕೊರೆಯದೆ, ಕತ್ತರಿಸದೆ, ಬೋಲ್ಟ್ ಬಿಚ್ಚಿದರೆ ಮೊದಲಿನಂತಾಗುವ ಮಾರ್ಪಾಡು ಮಾತ್ರ ನನಗೆ ಒಪ್ಪಿಗೆ.

ಮೂಲ ರೂಪಕ್ಕೆ ಬೆಲೆ ಇದೆ ಎಂಬುದು ತಿಳಿಯಲು ಶ್ರೀರಂಗಪಟ್ಟಣದ ಬಳಿ ಇರುವ ಪಯಣ ಕಾರು ಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬಂದರೆ ಸಾಕು. ಹೆಸರಿಗೂ ಬೆಲೆ ಇದೆ: ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತರೂ ಬರೀ ಆ ಹೆಸರನ್ನು 2017ರಲ್ಲಿ ಪ್ಯೂಜೋ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು.

ನಾನು ಕೊಂಡದ್ದು

ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿದೆ. ಒಂದು ಸಿಲಿಂಡರ್ ಸೊರಗಿತ್ತು. ಹೆಡ್ ಇಳಿಸಿ ವಾಲ್ವ್, ಸೀಟ್ ಕೆಲಸ ಮುಗಿಸಿ, ಹಳೇ ಮ್ಯಾನಿಫೋಲ್ಡನ್ನೇ ಕೂರಿಸಿ ಒಂದು ಮಳೆಗಾಲ ಓಡಿಸಿದೆ. ಇಪ್ಪತ್ತು ಸಾವಿರದ ಆ ಕೆಲಸದಿಂದ ಬಂದ ಎಳೆತವೇ ಇಡೀ ಖರ್ಚಿನಲ್ಲಿ ರೂಪಾಯಿಗೆ ಅತಿ ಹೆಚ್ಚು ಸಿಕ್ಕ ಲಾಭ. ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿ, ಪರಿಚಯದವರ ಕಡೆಯಿಂದ ಜೋಡಿ ಎಸ್‌ಯು ಸೆಟ್ ಕೊಂಡದ್ದು 42 ಸಾವಿರಕ್ಕೆ. ಶೀಲ್ಡ್, ಪೈಪ್, ಫಿಲ್ಟರ್, ಕೂಲಿ ಸೇರಿ ಇನ್ನೊಂದು 13 ಸಾವಿರ. ಒಟ್ಟು 75 ಸಾವಿರ. ವೆಬರ್ ದಾರಿ ಹಿಡಿದಿದ್ದರೆ ಹೆಡ್ ಕೆಲಸವೂ ಸೇರಿ 1 ಲಕ್ಷ 30 ಸಾವಿರ ದಾಟುತ್ತಿತ್ತು.

ಹಣ ಬಂದದ್ದು ಶೋಕಿ ಖಾತೆಯಿಂದ. ಪ್ರತಿ ಬೆಳೆ ಮಾರಿದಾಗಲೂ ನೂರಕ್ಕೆ ಐದು ರೂಪಾಯಿ ಅಲ್ಲಿಗೆ ಹೋಗುತ್ತದೆ. ಖಾತೆ ತುಂಬುವವರೆಗೆ ಕಾರು ಕಾಯಬೇಕು. ಎಮಿಷನ್ ಟೆಸ್ಟ್ ಸೆಂಟರ್‌ನ ಮೀಟರ್ ನೋಡಿಕೊಂಡೇ ಎರಡೂ ಕಾರ್ಬ್ಯುರೇಟರ್‌ನ ಮಿಶ್ರಣ ಹದಮಾಡಿದೆವು. ಹಳೇ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇಕಡ 3, ನಮ್ಮದು ಅದರೊಳಗೇ ನಿಂತಿತು.

ಫಲ ಏನು? ಊರೊಳಗೆ ವ್ಯತ್ಯಾಸವೇ ಇಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 80 ದಾಟಿದ ಮೇಲೆ ಎಂಜಿನ್ ಉಸಿರುಕಟ್ಟುವುದಿಲ್ಲ, ಲಾರಿಯನ್ನು ಹಿಂದಿಕ್ಕುವುದು ಸಲೀಸು. 55 ಸಾವಿರಕ್ಕೆ ಇಷ್ಟೇನಾ ಎಂದರೆ ಇಷ್ಟೇ. ನನಗೆ ಸಾಕು.

ನಿಮ್ಮ ಮನೆಯಲ್ಲೂ ಹಳೇ ಕಾರಿದ್ದರೆ ಈ ಕ್ರಮ ತಪ್ಪಿಸಬೇಡಿ: ಮೊದಲು ಕಂಪ್ರೆಷನ್ ಟೆಸ್ಟ್, ಆಮೇಲೆ ಹೆಡ್, ಮ್ಯಾನಿಫೋಲ್ಡ್ ಕಡೆಗೆ. ದಿನಾ ಓಡುವ ವೇಗಕ್ಕೆ ತಕ್ಕದ್ದನ್ನು ಕೊಳ್ಳಿ. ಬಿಚ್ಚಿದ ಹಳೇ ಭಾಗಕ್ಕೆ ಎಣ್ಣೆ ಸವರಿ, ಚೀಟಿ ಅಂಟಿಸಿ ಎತ್ತಿಡಿ, ಗುಜರಿಗೆ ಹಾಕಬೇಡಿ. ಸಾಲ ಮಾಡಿಯಂತೂ ಕೊಳ್ಳಲೇಬೇಡಿ.