ನೆಟ್ ನ್ಯೂಟ್ರಾಲಿಟಿ: ಬೆಳೆಗಾರರಿಗೇನು ಸಂಬಂಧ?



ಅಡಿಕೆ, ಕಾಫಿ ಧಾರಣೆಯನ್ನು ಮೊಬೈಲಿನಲ್ಲೇ ನೋಡುವ ನಾವು ‘ನೆಟ್ ನ್ಯೂಟ್ರಾಲಿಟಿ’ ಎಂಬ ಮಾತನ್ನು ತಿಳಿದಿರಬೇಕು. ಅಂತರ್ಜಾಲ ಒದಗಿಸುವ ಕಂಪೆನಿಯು ಅದರಲ್ಲಿ ಸಾಗುವ ಮಾಹಿತಿಯ ನಡುವೆ ಭೇದವೆಣಿಸಕೂಡದು; ಒಂದನ್ನು ಬೇಗ ಬಿಟ್ಟು ಇನ್ನೊಂದನ್ನು ತಡೆಯಕೂಡದು ಎಂಬುದೇ ಅದರ ಅರ್ಥ.

2015ರಲ್ಲಿ ಏರ್‌ಟೆಲ್ ಝೀರೋ, ಫೇಸ್‌ಬುಕ್ಕಿನ ಫ್ರೀ ಬೇಸಿಕ್ಸ್ ಯೋಜನೆಗಳ ಬಗ್ಗೆ ನಮ್ಮ ದೇಶದಲ್ಲಿ ದೊಡ್ಡ ವಾದವೇ ನಡೆಯಿತು. ಆಯ್ದ ಕೆಲವು ತಾಣಗಳು ಪುಕ್ಕಟೆ, ಉಳಿದವಕ್ಕೆ ಹಣ. ಏನೂ ಇಲ್ಲದ ಬಡವರಿಗೆ ಇಷ್ಟಾದರೂ ಸಿಗಲಿ ಎಂಬ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಯಾವುದು ಪುಕ್ಕಟೆಯೆಂದು ಆರಿಸುವವರು ಯಾರು? ದೊಡ್ಡ ವ್ಯಾಪಾರಿಯೊಬ್ಬನ ಧಾರಣೆ ಪಟ್ಟಿ ಪುಕ್ಕಟೆಯಾಗಿ, ಸಂಘದ್ದಕ್ಕೆ ಹಣ ತೆರಬೇಕಾದರೆ ಬೆಳೆಗಾರನು ಯಾವುದನ್ನು ನಂಬಿ ಮಾಲು ಮಾರಿಯಾನು? ಮುಂಗಡ ಕೊಟ್ಟ ಮಂಡಿಗೇ ಅಡಿಕೆ ಹಾಕಬೇಕಾಗಿದ್ದ ಕಾಲ ಹಿರಿಯ ಸದಸ್ಯರಿಗೆ ನೆನಪಿದ್ದೀತು. ಆ ಮುಂಗಡವೂ ಉಪಕಾರದಂತೆಯೇ ಕಂಡಿತ್ತು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2016ರ ಫೆಬ್ರವರಿ 8ರಂದು ಇಂಥ ದರಭೇದವನ್ನು ನಿಷೇಧಿಸಿತು. ತಪ್ಪಿದ ಕಂಪೆನಿಗೆ ದಿನಕ್ಕೆ 50,000 ರೂ., ಗರಿಷ್ಠ 50 ಲಕ್ಷ ರೂ. ದಂಡ. ತುರ್ತು ಸೇವೆಗಳಿಗೆ ವಿನಾಯಿತಿಯುಂಟು. ಮಾಹಿತಿಯನ್ನು ತಡೆಯುವುದು, ನಿಧಾನಗೊಳಿಸುವುದು ಕೂಡದೆಂಬ ತತ್ತ್ವಕ್ಕೂ 2018ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆಯಿತ್ತಿತು.