ಶಾಸಕಿಯಾಗಬೇಕೆನ್ನುವ ಮಗಳಿಗೆ

ಚಿ. ಮಗಳಿಗೆ,

ನಿನ್ನ ಕಾಗದ ಮುಟ್ಟಿತು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಜಿಡಗಾಕ್ಕೆ ಮರಳುತ್ತೇನೆ, ಮೊದಲು ಗ್ರಾಮ ಪಂಚಾಯಿತಿಗೆ ನಿಲ್ಲುತ್ತೇನೆ, ಮುಂದೊಂದು ದಿನ ಆಳಂದದ ಶಾಸಕಿಯಾಗುತ್ತೇನೆ ಎಂದು ಬರೆದಿದ್ದೀ. ರಾಜಕಾರಣ ನಮ್ಮಂಥವರಿಗಲ್ಲ ಎಂದು ಮನೆಯಲ್ಲಿ ತಡೆದರಂತೆ. ನಾನು ತಡೆಯುವವನಲ್ಲ. ಇಂಥ ಆಸೆ ಇಟ್ಟುಕೊಂಡ ಮಕ್ಕಳು ಪ್ರತಿ ಹಳ್ಳಿಯಲ್ಲೂ ಇರಬೇಕು ಎಂದೇ ನನ್ನ ನಂಬಿಕೆ.

ಕಾನೂನಿನ ಬಾಗಿಲು ದೊಡ್ಡದೇ ಇದೆ. ಪಂಚಾಯಿತಿಗೆ 21 ವರ್ಷ, ವಿಧಾನಸಭೆಗೆ 25 ವರ್ಷ ತುಂಬಿದರೆ ಸಾಕು. ವಿಧಾನಸಭೆಗೆ ನಿಲ್ಲುವ ಸಾಮಾನ್ಯ ಅಭ್ಯರ್ಥಿಯ ಠೇವಣಿ 10 ಸಾವಿರ ರೂಪಾಯಿ. ರಾಜ್ಯದ 224 ಕುರ್ಚಿಗಳಲ್ಲಿ ಒಂದು ನಮ್ಮ ಆಳಂದದ್ದು. ಅದರ ಮೇಲೆ ಕೂರುವುದಕ್ಕಿಂತ ಅದು ಕೈತಪ್ಪಿದ ಮೇಲೆ ಜನರ ನಡುವೆ ಉಳಿಯುವುದು ಕಷ್ಟ. ಶಾಸಕನೊಬ್ಬನ ನಿಜವಾದ ರಾಜಕೀಯ ಜೀವನ ಆ ಸೋತ ವರ್ಷಗಳಲ್ಲಿ ರೂಪುಗೊಳ್ಳುತ್ತದೆ. ಈ ಕಾಗದದಲ್ಲಿ ನಿನಗೆ ಹೇಳಬೇಕೆಂದಿರುವುದು ಇದೇ.

ದೂರ ಹೋಗುವುದು ಬೇಡ, ನಮ್ಮ ಬಿ.ಆರ್. ಪಾಟೀಲರನ್ನೇ ನೋಡು. ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದ 1983ರ ಆ ಅಲೆಯಲ್ಲಿ ಪಾಟೀಲರು ಜನತಾ ಪಕ್ಷದಿಂದ ಆಳಂದದಲ್ಲಿ ಗೆದ್ದರು. ಮತ್ತೆ ಇದೇ ಕ್ಷೇತ್ರದಿಂದ ವಿಧಾನಸಭೆಯ ಮೆಟ್ಟಿಲು ಹತ್ತಿದ್ದು 2004ರಲ್ಲಿ, ಜೆಡಿಎಸ್‌ನಿಂದ. ನಡುವೆ 21 ವರ್ಷ. ಮುಂದೆ 2008ರಲ್ಲಿ ಸುಭಾಷ ಗುತ್ತೇದಾರರು ಗೆದ್ದರು. 2013ರಲ್ಲಿ ಪಾಟೀಲರು ಕರ್ನಾಟಕ ಜನತಾ ಪಕ್ಷದಿಂದ (ಕೆಜೆಪಿ) ಗೆದ್ದರು. ರಾಜ್ಯದಲ್ಲಿ ಆ ಪಕ್ಷಕ್ಕೆ ದಕ್ಕಿದ್ದೇ ಆರು ಸ್ಥಾನ. 2018ರಲ್ಲಿ ಗುತ್ತೇದಾರರು ಬಿಜೆಪಿಯಿಂದ ಗೆದ್ದರು, 2023ರಲ್ಲಿ ಪಾಟೀಲರು ಕಾಂಗ್ರೆಸ್‌ನಿಂದ. ಒಮ್ಮೆ ಇವರು, ಒಮ್ಮೆ ಅವರು.

ಪಕ್ಷ ಬದಲಾದದ್ದನ್ನು ಮುಚ್ಚಿಡುವ ಅಗತ್ಯವಿಲ್ಲ. ನಮ್ಮ ಭಾಗದಲ್ಲಿ ಜನ ಚಿಹ್ನೆಗಿಂತ ಮುಖ ನೋಡಿ ಮತ ಹಾಕುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ. ಅದರಲ್ಲಿ ಒಳ್ಳೆಯದೂ ಇದೆ, ಅಪಾಯವೂ ಇದೆ. ಮುಖಕ್ಕೆ ಬಿದ್ದ ಮತವನ್ನು ಐದು ವರ್ಷ ಮುಖ ತೋರಿಸಿಯೇ ಉಳಿಸಿಕೊಳ್ಳಬೇಕು. ಸೋತವನ ಮನೆ ಮುಂದೆ ಸರ್ಕಾರಿ ಕಾರು ಇರುವುದಿಲ್ಲ, ತಹಶೀಲ್ದಾರರು ಅವನ ಫೋನಿಗೆ ಕಾಯುವುದಿಲ್ಲ. ಆದರೂ ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಾಗಿಲ್ಲವೆಂದು ರೈತ ಬರುತ್ತಾನೆ, ವೃದ್ಧಾಪ್ಯ ಪಿಂಚಣಿ ನಿಂತಿತೆಂದು ಮುದುಕಿ ಬರುತ್ತಾಳೆ, ತೊಗರಿ ಖರೀದಿ ಕೇಂದ್ರ ತೆರೆದಿಲ್ಲವೆಂದು ಊರಿನವರು ಬರುತ್ತಾರೆ. ಆಗ ‘ನಾನೇನು ಶಾಸಕನೇ?’ ಎಂದವನು ಅಲ್ಲಿಗೇ ಮುಗಿದ. ಅವರ ಜೊತೆ ಕಚೇರಿಗೆ ನಡೆದವನು ಮುಂದಿನ ಚುನಾವಣೆಯಲ್ಲಿ ಎದ್ದು ನಿಲ್ಲುತ್ತಾನೆ.

ನಮ್ಮ ಜಿಲ್ಲೆಯದೇ ಆದ ಜೇವರ್ಗಿಯ ಕಥೆ ಇನ್ನೂ ದೊಡ್ಡದು. ನೆಲೋಗಿಯಲ್ಲಿ 1936ರಲ್ಲಿ ಹುಟ್ಟಿದ ಧರ್ಮಸಿಂಗ್ ಹೈದರಾಬಾದಿನ ಉಸ್ಮಾನಿಯಾದಲ್ಲಿ ಓದಿ ವಕೀಲರಾದರು, ಕಲಬುರಗಿ ನಗರಸಭೆಯಿಂದ ರಾಜಕಾರಣ ಶುರು ಮಾಡಿದರು. ರಜಪೂತ ಮನೆತನದವರು, ಜೇವರ್ಗಿಯಲ್ಲಿ ಅವರ ಜಾತಿಯ ಮತ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಆದರೂ ಜನ ಅವರನ್ನು ದಶಕಗಳ ಕಾಲ ಚುನಾವಣೆಯ ಮೇಲೆ ಚುನಾವಣೆ ಗೆಲ್ಲಿಸಿದರು. ಜಾತಿ ಲೆಕ್ಕ ಹಾಕದೆ ಗೆಲ್ಲಲಾಗದು ಎಂದು ನಿನಗೆ ಯಾರಾದರೂ ಹೇಳಿದರೆ ಜೇವರ್ಗಿಯ ಕಡೆ ಕೈ ತೋರಿಸು. 1980ರಲ್ಲಿ ಕಲಬುರಗಿಯಿಂದ ಲೋಕಸಭೆಗೆ ಗೆದ್ದಿದ್ದರೂ ಪಕ್ಷದ ಮಾತಿಗೆ ಸಿ.ಎಂ. ಸ್ಟೀಫನ್ ಅವರಿಗಾಗಿ ಆ ಸ್ಥಾನ ಬಿಟ್ಟುಕೊಟ್ಟರು. 2004ರ ಮೇ 28ರಂದು ಕಾಂಗ್ರೆಸ್–ಜೆಡಿಎಸ್ ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿಯಾದರು. 2006ರ ಫೆಬ್ರುವರಿ ಹೊತ್ತಿಗೆ ಆ ಕುರ್ಚಿ ಹೋಯಿತು.

2008ರಲ್ಲಿ ಅದೇ ಜೇವರ್ಗಿ ಅವರನ್ನು ಸೋಲಿಸಿತು. ಗೆದ್ದವರು ದೊಡ್ಡಪ್ಪಗೌಡ ಪಾಟೀಲ ನರಿಬೋಳ. ಅಂತರ 70 ಮತ. 36 ಜನ ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ಮುಖ್ಯಮಂತ್ರಿಯಾಗಿದ್ದವರಿಗೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಸ್ವಂತ ನೆಲದಲ್ಲಿ ಬಿದ್ದ ಪೆಟ್ಟು ಅದು. ಅವರು ಮನೆಯಲ್ಲಿ ಕೂರಲಿಲ್ಲ. ಮರುವರ್ಷವೇ ಬೀದರದಿಂದ ಲೋಕಸಭೆಗೆ ಗೆದ್ದರು. ಅದೇ ಅವಧಿಯಲ್ಲಿ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಅದಕ್ಕಾಗಿ ವೈಜನಾಥ ಪಾಟೀಲರು ಬೀದಿಯಲ್ಲಿ ಹೋರಾಡಿದರು, ಮಲ್ಲಿಕಾರ್ಜುನ ಖರ್ಗೆ ಮತ್ತು ಧರ್ಮಸಿಂಗ್ ದಿಲ್ಲಿಯಲ್ಲಿ ಪಟ್ಟು ಹಿಡಿದರು. ಇಂದು ನಮ್ಮ ಭಾಗದ ಮಕ್ಕಳಿಗೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಲ್ಲಿ, ಸರ್ಕಾರಿ ನೌಕರಿಯಲ್ಲಿ ಸಿಗುವ ಮೀಸಲಾತಿಯ ಬೇರು ಅಲ್ಲಿದೆ. ಜೇವರ್ಗಿಯಲ್ಲಿ ಸೋತ ಮನುಷ್ಯ ಆ ಕೆಲಸದಲ್ಲಿ ಪಾಲುಗೊಂಡಿದ್ದರು ಎಂಬುದನ್ನು ಮರೆಯಬೇಡ.

ಈಗ ಆಳಂದಕ್ಕೆ ಮರಳೋಣ. 2018ರಲ್ಲಿ ಬಿ.ಆರ್. ಪಾಟೀಲರು ಸೋತದ್ದು 697 ಮತಗಳಿಂದ. ಒಂದು ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಿರುತ್ತವೆ. ಹಂಚಿ ನೋಡಿದರೆ ಮತಗಟ್ಟೆಗೆ ಮೂರು ಮತದ ಆಚೀಚೆ. ನಿಮ್ಮ ಓಣಿಯ ಒಂದು ಮನೆಯಲ್ಲೇ ಅಷ್ಟು ಮತ ಇರುತ್ತವೆ. ಇದು ತಿಳಿದರೆ 2023ರ ಫೆಬ್ರುವರಿಯಲ್ಲಿ ನಮ್ಮ ತಾಲೂಕಿನಲ್ಲಿ ಬಯಲಾದ ಸಂಗತಿ ಎಷ್ಟು ಗಂಭೀರವಾದದ್ದು ಎಂದು ಅರ್ಥವಾಗುತ್ತದೆ. ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು ನಮೂನೆ 7 ಎಂಬ ಅರ್ಜಿ ಇದೆ. ಆಳಂದ ಕ್ಷೇತ್ರದಲ್ಲಿ ಆನ್‌ಲೈನ್ ಮೂಲಕ ಅಂಥ 6,018 ಅರ್ಜಿಗಳು ಬಂದಿದ್ದವು. ತಮ್ಮ ಬಂಧುವಿನ ಹೆಸರಿನ ವಿಷಯದಲ್ಲೇ ಅನುಮಾನ ಬಂದ ಬೂತ್ ಮಟ್ಟದ ಅಧಿಕಾರಿಯೊಬ್ಬರು ವಿಚಾರಿಸಿದರು. ಯಾರ ಹೆಸರಲ್ಲಿ ಅರ್ಜಿ ಬಂದಿತ್ತೋ ಆ ನೆರೆಮನೆಯವರಿಗೆ ಏನೂ ಗೊತ್ತಿರಲಿಲ್ಲ. ಪಾಟೀಲರು ದೂರು ಒಯ್ದರು. ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಿದ್ದದ್ದು ಬರೀ 24. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. ಹಿಂದಿನ ಸೋಲಿನ ಅಂತರದ ಎಂಟು ಪಟ್ಟಿಗೂ ಮಿಕ್ಕಿದ ಸಂಖ್ಯೆ ಅದು. ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು, 2025ರಲ್ಲಿ ದೇಶವೇ ಆ ಬಗ್ಗೆ ಮಾತಾಡಿತು, ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ತಪ್ಪು ಯಾರದೆಂದು ನ್ಯಾಯಾಲಯ ಹೇಳಲಿ. 2023ರಲ್ಲಿ ಪಾಟೀಲರು 10,348 ಮತಗಳಿಂದ ಗೆದ್ದರು. ಆದರೆ ಆ ಹೆಸರುಗಳು ಉಳಿದದ್ದು ಯಾವ ಪಕ್ಷದ ಗೆಲುವಿಗಿಂತಲೂ ದೊಡ್ಡದು ಎನ್ನುವವನು ನಾನು.

ಮಗಳೇ, ನಿನ್ನ ರಾಜಕಾರಣ ಆ ಪಟ್ಟಿಯಿಂದ ಶುರುವಾಗಲಿ. ಜಿಡಗಾದ ಮತದಾರರ ಪಟ್ಟಿ ತಂದು ಮುಂದೆ ಹರವಿಕೋ. ಪುಟದ ತುಂಬ ಸಣ್ಣ ಸಣ್ಣ ಚೌಕಗಳು. ಪ್ರತಿ ಚೌಕದಲ್ಲಿ ಕ್ರಮಸಂಖ್ಯೆ, ಹೆಸರು, ತಂದೆಯದೋ ಗಂಡನದೋ ಹೆಸರು, ಮನೆ ನಂಬರು, ವಯಸ್ಸು. ಒಂದೊಂದು ಚೌಕಕ್ಕೂ ಒಂದು ಬಾಗಿಲು ತಟ್ಟು. ತೀರಿಕೊಂಡವರ ಹೆಸರು ಹಾಗೇ ಇರುತ್ತದೆ, 18 ತುಂಬಿದ ಹುಡುಗಿಯ ಹೆಸರು ಸೇರಿರುವುದಿಲ್ಲ, ಮದುವೆಯಾಗಿ ಬಂದ ಸೊಸೆಯ ಹೆಸರು ತವರಲ್ಲೇ ಉಳಿದಿರುತ್ತದೆ. ದುಡಿಯಲು ಪುಣೆ, ಮುಂಬಯಿ, ಬೆಂಗಳೂರಿಗೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಬೀಗ ನೋಡಿ ‘ಊರು ಬಿಟ್ಟವರು’ ಎಂದು ಯಾರೂ ಬರೆಯದಂತೆ ನೋಡಿಕೋ. ಹಬ್ಬಕ್ಕೆ, ಜಾತ್ರೆಗೆ ಮರಳಿ ಬರುವ ಜನ ಅವರು. ಈ ಕೆಲಸಕ್ಕೆ ಟಿಕೆಟ್ ಬೇಡ, ಹಣ ಬೇಡ. ಇದನ್ನು ಮಾಡಿ ಮುಗಿಸುವ ಹೊತ್ತಿಗೆ ಯಾರ ಮನೆಯಲ್ಲಿ ಏನು ಕೊರತೆ ಎಂಬುದು ನಿನಗೆ ಬಾಯಿಪಾಠವಾಗಿರುತ್ತದೆ.

ಗೆದ್ದ ಮೇಲಿನ ಮಾತೂ ಒಂದಿಷ್ಟು ಹೇಳಿಬಿಡುತ್ತೇನೆ. ರಸ್ತೆ, ಚರಂಡಿ, ಸಮುದಾಯ ಭವನಕ್ಕೆ ಅನುದಾನ ತರುವುದಷ್ಟೇ ಶಾಸಕರ ಕೆಲಸವೆಂದು ಊರವರು ತಿಳಿದಿದ್ದಾರೆ. ಸದನದಲ್ಲಿ ಪ್ರಶ್ನೆ ಕೇಳುವುದು, ಬಜೆಟ್ ಓದುವುದು, ಕಾನೂನಿನ ಕರಡನ್ನು ಕಲಂ ಕಲಂ ತಿದ್ದುವುದು ಅದಕ್ಕಿಂತ ಮೊದಲು. 2025ರ ಜೂನ್‌ನಲ್ಲಿ ಬಡವರ ಮನೆ ಹಂಚಿಕೆಯಲ್ಲಿ ಲಂಚ ನಡೆದಿದೆ ಎಂದು ಪಾಟೀಲರು ತಮ್ಮದೇ ಪಕ್ಷದ ಸರ್ಕಾರವಿದ್ದಾಗಲೇ ಆರೋಪಿಸಿದರು. ಆರೋಪ ರುಜುವಾತಾಗುವುದು ತನಿಖೆಗೆ ಬಿಟ್ಟದ್ದು. ಆದರೆ ಆಡಳಿತ ಪಕ್ಷದ ಶಾಸಕರೂ ಬಾಯಿ ತೆರೆಯಬಹುದು ಎಂಬುದನ್ನು ನೆನಪಿನಲ್ಲಿಡು. ಮಂತ್ರಿಗಿರಿಯ ಆಸೆ ಬಾಯಿ ಕಟ್ಟುತ್ತದೆ. ಆ ಆಸೆಗೆ ಮಿತಿ ಇರಲಿ.

ನೀನು ಮೊದಲ ಸಲವೇ ಗೆಲ್ಲುವೆ ಎಂದು ನಾನು ಹರಸುವುದಿಲ್ಲ. ಸೋತರೆ ಮರುದಿನ ಪಂಚಾಯಿತಿ ಕಟ್ಟೆಗೆ ಹೋಗು, ಗೆದ್ದವರಿಗೆ ಕೈ ಮುಗಿದು ಅಭಿನಂದಿಸು, ನಿನಗೆ ಮತ ಹಾಕದ ಓಣಿಯ ನೀರಿನ ಸಮಸ್ಯೆಯ ಅರ್ಜಿಯನ್ನು ನೀನೇ ಬರೆದುಕೊಡು. ಅದು ನಿನ್ನಿಂದಾಗುತ್ತದೆ ಎಂಬ ಭರವಸೆ ನನಗಿದೆ. ಚುನಾವಣೆ ಬಂದಾಗ ತಿಳಿಸು. ಜಿಡಗಾಕ್ಕೆ ಬಂದು ನಿನ್ನ ಜೊತೆ ಮನೆಮನೆ ತಿರುಗುತ್ತೇನೆ.

ಇಂತಿ,
ನಿನ್ನ ಏಳಿಗೆ ಬಯಸುವ ಕಾಕಾ